ದುಡ್ಡು ಕೊಟ್ಟವರು ನಾವು, ಒಡೆಯ ಇನ್ನೊಬ್ಬ

ಅಡಿಕೆ ಕೊಯ್ಲು ಮುಗಿದು ಕೈಗೆ ನಾಲ್ಕು ಕಾಸು ಬಂದಿತೆಂದರೆ ಮಲೆನಾಡಿನಲ್ಲಿ ಮದುವೆ, ಉಪನಯನ, ಗೃಹಪ್ರವೇಶಗಳ ಸಾಲು ಶುರುವಾಗುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಪೇಟೆಬೀದಿಗಳಲ್ಲಿ, ಮೇಗುಂದ ಹೋಬಳಿಯ ಜಯಪುರದಂಥ ಊರುಗಳಲ್ಲಿ ಆಗ ಡಿಟಿಪಿ ಅಂಗಡಿಯವರಿಗೆ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಕರೆಯೋಲೆಯ ಜತೆಗೆ ಯಕ್ಷಗಾನದ ಕರಪತ್ರ, ರಥೋತ್ಸವದ ಆಮಂತ್ರಣ, ಸಹಕಾರ ಸಂಘದ ವಾರ್ಷಿಕ ವರದಿ, ವೈಕುಂಠ ಸಮಾರಾಧನೆಯ ಕಾರ್ಡು ಎಲ್ಲವೂ ಅಲ್ಲೇ ಆಗಬೇಕು.

ಇಂಥ ಅಂಗಡಿಗಳಲ್ಲಿ ಇಂದಿಗೂ ಒಂದು ವಿಚಿತ್ರ ಕಾಣಸಿಗುತ್ತದೆ. ಮೂಲೆಯಲ್ಲೊಂದು ಮುದಿ ಕಂಪ್ಯೂಟರು. ಅದಕ್ಕೆ ಇಂಟರ್‌ನೆಟ್ ಸಂಪರ್ಕವಿಲ್ಲ. ಕೊಟ್ಟರೂ ಮಾಲೀಕರು ಒಲ್ಲರು. ಅದರೊಳಗೆ ಓಡುತ್ತಿರುವುದು ಪೇಜ್‌ಮೇಕರ್ ಎಂಬ ತಂತ್ರಾಂಶ. ಇದರ ಕಟ್ಟಕಡೆಯ ಆವೃತ್ತಿ ಹೊರಬಂದದ್ದು 2001ರಲ್ಲಿ. ಅದನ್ನು ಮಾಡಿದ ಕಂಪೆನಿಯೇ ಎಂದೋ ಕೈಬಿಟ್ಟ ಸರಕನ್ನು ಈ ಅಂಗಡಿಗಳು ಏಕೆ ಹೀಗೆ ಜೋಪಾನ ಮಾಡುತ್ತಿವೆ? ಹಳೆಯದರ ಮೇಲಿನ ವ್ಯಾಮೋಹವೆಂದು ನಗುವವರಿದ್ದಾರೆ. ಆದರೆ ಇದರ ಹಿಂದೆ ಒಂದು ಲೆಕ್ಕಾಚಾರವಿದೆ, ಸ್ವಲ್ಪ ಸಿಟ್ಟೂ ಇದೆ.

ಸೀಸದ ಅಚ್ಚುಮೊಳೆಗಳ ಕಾಲದಲ್ಲಿ ಈ ತಕರಾರೇ ಇರಲಿಲ್ಲ. ಮುದ್ರಕ ಮೊಳೆಗಳನ್ನು ತೂಕದ ಲೆಕ್ಕದಲ್ಲಿ ಕೊಳ್ಳುತ್ತಿದ್ದ. ಸವೆದವೆಂದರೆ ಕರಗಿಸಲು ಕೊಡುತ್ತಿದ್ದ, ಅಂಗಡಿ ಮುಚ್ಚಿದರೆ ಟ್ರೆಡಲ್ ಯಂತ್ರದ ಸಮೇತ ಮಾರುತ್ತಿದ್ದ. ಮೊಳೆ ಎರಕ ಹೊಯ್ದವನು ತಿಂಗಳ ಕೊನೆಗೆ ಬಂದು ‘ಈ ತಿಂಗಳು ಎಷ್ಟು ಮೊಳೆ ಜೋಡಿಸಿದಿರಿ?’ ಎಂದು ಕೇಳಿದ್ದುಂಟೆ?

1985ರಲ್ಲಿ ಅಮೆರಿಕದ ಸಿಯಾಟಲ್ ನಗರದ ಆಲ್ಡಸ್ ಕಂಪೆನಿ ಪೇಜ್‌ಮೇಕರನ್ನು ಹೊರತಂದಿತು. ಮೇಜಿನ ಮೇಲೇ ಪುಟ ಕಟ್ಟುವ ವಿದ್ಯೆ ಅಲ್ಲಿಂದ ಜಗತ್ತಿಗೆ ಹಬ್ಬಿತು. 1994ರಲ್ಲಿ ಆಲ್ಡಸ್ ಕಂಪೆನಿ ಅಡೋಬಿ ಕಂಪೆನಿಯಲ್ಲಿ ವಿಲೀನವಾಯಿತು. ಪೇಜ್‌ಮೇಕರಿಗೆ ಕನ್ನಡ ಬಾರದು. ಅದಕ್ಕೆ ಗೊತ್ತಿದ್ದುದು ರೋಮನ್ ಅಕ್ಷರಗಳ ಸಂಕೇತ ಮಾತ್ರ. ಆ ಸಂಕೇತಗಳ ಜಾಗದಲ್ಲೇ ಕನ್ನಡದ ತಲೆಕಟ್ಟು, ಗುಣಿಸು, ಒತ್ತುಗಳ ಚೂರುಗಳನ್ನು ಕೂರಿಸಿ, ಯಂತ್ರವನ್ನು ಒಂದು ಬಗೆಯಲ್ಲಿ ಮೋಸಗೊಳಿಸಿ ಕನ್ನಡ ಬರೆಸಿದ್ದು ನಮ್ಮವರ ಜಾಣ್ಮೆ. ಪುಣೆಯ ಮಾಡ್ಯುಲರ್ ಇನ್‌ಫೊಟೆಕ್‌ನ ‘ಶ್ರೀಲಿಪಿ’ಯಂಥ ವಾಣಿಜ್ಯ ತಂತ್ರಾಂಶಗಳು ಬಂದವು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಉಚಿತವಾಗಿಯೇ ದೊರೆತವು.

ಕಾಸಿನ ತಂತ್ರಾಂಶಗಳ ಜತೆಗೆ ಆಗಲೇ ಒಂದು ಬೀಗವೂ ಬರುತ್ತಿತ್ತು. ಕಂಪ್ಯೂಟರಿನ ಬೆನ್ನಿಗೆ ಚುಚ್ಚುವ ಬೆಂಕಿಪೊಟ್ಟಣದಷ್ಟು ದೊಡ್ಡ ಸಾಧನ, ಹೆಸರು ಡಾಂಗಲ್. ಅದಿಲ್ಲದಿದ್ದರೆ ತಂತ್ರಾಂಶ ತೆರೆಯದು. ಮಲೆನಾಡಿನ ಮುಂಗಾರಿನ ಸಿಡಿಲಿಗೆ ಅದು ಸುಟ್ಟರೆ ತಂತ್ರಾಂಶಕ್ಕೆ ಕೊಟ್ಟ ದುಡ್ಡೂ ಸುಟ್ಟಂತೆಯೇ. ಗ್ರಾಹಕನ ಗೊಣಗಾಟ ಅಲ್ಲಿಂದಲೇ ಆರಂಭ. ಆದರೂ ಬೀಗ ಅವನ ಅಂಗಡಿಯಲ್ಲೇ ಇತ್ತಲ್ಲ, ಅಷ್ಟು ಸಮಾಧಾನ.

ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರು ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ವಿಷಯವನ್ನು ಬಹಳ ಹಚ್ಚಿಕೊಂಡಿದ್ದರು. ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ‘ಕುವೆಂಪು’ ಹೆಸರಿನ ತಂತ್ರಾಂಶ ಬಂದದ್ದರ ಹಿಂದೆ ಅವರ ಒತ್ತಾಸೆಯಿತ್ತು. (ಆ ಹೆಸರಿನ ಕವಿ ಹುಟ್ಟಿದ್ದು ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ.) ಒಂದು ಭಾಷೆ ಬರೆಯುವ ಸಾಧನ ಯಾರ ಕೈಯಲ್ಲಿರಬೇಕು ಎಂಬ ಪ್ರಶ್ನೆಯನ್ನು ಎಂಜಿನಿಯರರಿಗಿಂತ ಮೊದಲು ಒಬ್ಬ ಸಾಹಿತಿ ತಲೆಗೆ ಹಚ್ಚಿಕೊಂಡದ್ದು ಅಚ್ಚರಿಯೇನಲ್ಲ.

ಈ ನಡುವೆ ಯೂನಿಕೋಡ್ ಬಂತು. 1991ರ ಮೊದಲ ಆವೃತ್ತಿಯಲ್ಲೇ ಅದರಲ್ಲಿ ಕನ್ನಡವಿತ್ತು. 2001ರ ವಿಂಡೋಸ್ ಎಕ್ಸ್‌ಪಿ ಜತೆಗೆ ಬಂದ ಕನ್ನಡ ಅಕ್ಷರವಿನ್ಯಾಸಕ್ಕೆ ಶೃಂಗೇರಿಯಲ್ಲಿ ಹರಿಯುವ ಹೊಳೆಯದೇ ಹೆಸರು: ‘ತುಂಗಾ’. ಆದರೆ ಪುಟ ಕಟ್ಟುವವರಿಗೆ ಅದರಿಂದ ತಕ್ಷಣಕ್ಕೇನೂ ಉಪಯೋಗವಾಗಲಿಲ್ಲ. ಪೇಜ್‌ಮೇಕರಿಗೆ ಯೂನಿಕೋಡ್ ತಿಳಿಯದು. ಅದರ ಉತ್ತರಾಧಿಕಾರಿಯಾದ ಇನ್‌ಡಿಸೈನ್ 1999ರಲ್ಲೇ ಬಂದರೂ ಭಾರತೀಯ ಲಿಪಿಗಳ ಒತ್ತು, ಗುಣಿತಗಳನ್ನು ಸರಿಯಾಗಿ ಕೂರಿಸುವ ವ್ಯವಸ್ಥೆ ಅದಕ್ಕೆ ಬಂದದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಅಂತೂ ಬಂತಲ್ಲ ಎನ್ನುವಷ್ಟರಲ್ಲಿ, 2013ರ ಮೇ ತಿಂಗಳಲ್ಲಿ, ಅಡೋಬಿ ಒಂದು ಘೋಷಣೆ ಮಾಡಿತು. ಇನ್ನು ಮುಂದೆ ಹೊಸ ಆವೃತ್ತಿಗಳು ಮಾರಾಟಕ್ಕಿಲ್ಲ. ಬೇಕಾದವರು ತಿಂಗಳ ಅಥವಾ ವರ್ಷದ ಚಂದಾ ಕಟ್ಟಿ ಬಳಸಬೇಕು, ಚಂದಾ ನಿಂತರೆ ತಂತ್ರಾಂಶವೂ ನಿಲ್ಲುತ್ತದೆ. ಕನ್ನಡವನ್ನು ನೆಟ್ಟಗೆ ಬರೆಯಬಲ್ಲ ಮೊದಲ ಆವೃತ್ತಿಯೇ ಕೊಂಡಿಟ್ಟುಕೊಳ್ಳಬಹುದಾದ ಕೊನೆಯ ಆವೃತ್ತಿಯೂ ಆಯಿತು!

ಈ ಬದಲಾವಣೆಯ ತಿರುಳು ಅರ್ಥವಾಗಲು ಘಟ್ಟದ ಕೆಳಗಿನ ಹಳೆಯ ಗೇಣಿ ಪದ್ಧತಿಯನ್ನು ನೆನಪಿಸಿಕೊಂಡರೆ ಸಾಕು. ಅಲ್ಲಿ ಮೂಲಗೇಣಿ, ಚಾಲಗೇಣಿ ಎಂದು ಎರಡಿದ್ದವು. ಮೂಲಗೇಣಿದಾರ ಭೂಮಿಯ ಒಡೆಯನಲ್ಲ. ಆದರೆ ಗೇಣಿ ಗೊತ್ತುಪಡಿಸಿದ್ದು. ಅದನ್ನು ತೆರುತ್ತಿರುವವರೆಗೆ ಅವನನ್ನು ಎಬ್ಬಿಸುವಂತಿಲ್ಲ, ಏರಿಸುವಂತೆಯೂ ಇಲ್ಲ, ಮಕ್ಕಳು ಮೊಮ್ಮಕ್ಕಳಿಗೂ ಅದು ಸಲ್ಲುತ್ತಿತ್ತು. ಚಾಲಗೇಣಿಯವನ ಪಾಡು ಬೇರೆ. ವರ್ಷ ವರ್ಷದ ಕರಾರು, ಧಣಿಯ ಮರ್ಜಿ. ಪೆಟ್ಟಿಗೆಯಲ್ಲಿ ಕೊಳ್ಳುತ್ತಿದ್ದ ತಂತ್ರಾಂಶ ಒಂದು ರೀತಿಯ ಮೂಲಗೇಣಿ. ಇಂದಿನ ಚಂದಾ ತಂತ್ರಾಂಶ ಚಾಲಗೇಣಿ. ಭೂಮಿಯಲ್ಲಾದರೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿ ಉಳುವವನಿಗೆ ಹಕ್ಕು ಕೊಟ್ಟಿತು. ಇಲ್ಲಿ ಚರಿತ್ರೆ ಹಿಮ್ಮುಖವಾಗಿ ನಡೆದಿದೆ.

ಪೆಟ್ಟಿಗೆಯ ತಂತ್ರಾಂಶವನ್ನು ಪೂರ್ತಿ ಒಡೆತನ ಎನ್ನದೆ ಗೇಣಿ ಎಂದದ್ದಕ್ಕೆ ಕಾರಣವಿದೆ. ಪೆಟ್ಟಿಗೆಯೊಳಗಿನ ಕರಾರುಪತ್ರ ಆಗಲೂ ‘ಇದನ್ನು ನಿಮಗೆ ಮಾರಿಲ್ಲ, ಬಳಸಲು ಪರವಾನಗಿ ಕೊಟ್ಟಿದ್ದೇವೆ’ ಎಂಬ ಧಾಟಿಯಲ್ಲೇ ಇರುತ್ತಿತ್ತು, ಓದಿದವರು ಕಡಿಮೆ. ಮಾರಾಟವೋ ಪರವಾನಗಿಯೋ ಎಂಬ ಜಗಳ ನಮ್ಮ ಕೋರ್ಟುಗಳಲ್ಲೂ ನಡೆದಿದೆ, ಆದರೆ ಆದಾಯ ತೆರಿಗೆಯ ನೆಪದಲ್ಲಿ. ವಿದೇಶಿ ತಂತ್ರಾಂಶಕ್ಕೆ ಕೊಡುವ ಹಣ ಕೃತಿಸ್ವಾಮ್ಯದ ಗೌರವಧನ, ಆದ್ದರಿಂದ ಇಲ್ಲಿ ತೆರಿಗೆ ಹಿಡಿಯಬೇಕು ಎಂದು 2011ರಲ್ಲಿ ಕರ್ನಾಟಕ ಹೈಕೋರ್ಟ್ ಸ್ಯಾಮ್‌ಸಂಗ್ ಪ್ರಕರಣದಲ್ಲಿ ಹೇಳಿತು. 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಈ ನಿಲುವನ್ನು ಒಪ್ಪಲಿಲ್ಲ. ಪುಸ್ತಕ ಕೊಂಡವನಿಗೆ ಅದನ್ನು ಅಚ್ಚು ಹಾಕಿ ಮಾರುವ ಹಕ್ಕು ಸಿಗುವುದಿಲ್ಲ, ಆದರೆ ಪುಸ್ತಕ ಅವನದೇ. ತಂತ್ರಾಂಶದ ಪ್ರತಿಯೂ ಹಾಗೆಯೇ ಸರಕು ಎಂಬುದು ಆ ತೀರ್ಪಿನ ಸಾರ. ತೆರಿಗೆಯ ಮಟ್ಟಿಗೆ ಗ್ರಾಹಕ ಕೊಂಡವನಾದ. ಕೊಂಡದ್ದು ನಾಳೆಯೂ ತೆರೆಯುತ್ತದೆಯೇ ಎಂಬುದನ್ನು ಮಾತ್ರ ಯಾರೂ ತೀರ್ಮಾನಿಸಲಿಲ್ಲ.

ಏಕೆಂದರೆ ಅಷ್ಟು ಹೊತ್ತಿಗೆ ಬೀಗ ಅಂಗಡಿಯಿಂದ ಕಂಪೆನಿಯ ಕಂಪ್ಯೂಟರಿಗೆ ವಲಸೆ ಹೋಗಿತ್ತು. ಹೊಸ ತಂತ್ರಾಂಶ ಆಗಾಗ ಇಂಟರ್‌ನೆಟ್ ಮೂಲಕ ಯಜಮಾನನನ್ನು ಕೇಳಿ ಅಪ್ಪಣೆ ಪಡೆಯಬೇಕು. ಅಪ್ಪಣೆ ಕೊಡುವ ಯಂತ್ರವೇ ನಿಂತರೆ? ಹಾಗೂ ಆಗಿದೆ. ಅಡೋಬಿಯ ಹಳೆಯ ಸಿಎಸ್2 ತಂತ್ರಾಂಶಕ್ಕೆ ಅನುಮತಿ ಕೊಡುವ ವ್ಯವಸ್ಥೆಯನ್ನು 2012ರ ಕೊನೆಗೆ ಮುಚ್ಚಲಾಯಿತು. ಕೊಂಡವರು ಬೀದಿಗೆ ಬೀಳದಂತೆ ಕಂಪೆನಿಯೇ ಬೀಗವಿಲ್ಲದ ಪ್ರತಿಯನ್ನು ಇಂಟರ್‌ನೆಟ್‌ನಲ್ಲಿ ಇಟ್ಟಿತು. ಉಚಿತವೆಂದು ತಿಳಿದು ಜನ ಮುಗಿಬಿದ್ದಾಗ, ಇದು ಹಿಂದೆ ಕೊಂಡವರಿಗೆ ಮಾತ್ರ ಎಂದು ವಿವರಣೆ ಕೊಡಬೇಕಾಯಿತು. 2019ರಲ್ಲಿ ಇನ್ನೊಂದು ಬಗೆ: ಚಂದಾದಾರರ ಕೈಲಿದ್ದ ಕೆಲವು ಹಳೆಯ ಆವೃತ್ತಿಗಳಿಗೆ ಇನ್ನು ಪರವಾನಗಿ ಇಲ್ಲ, ಬಳಸಿದರೆ ಬೇರೆಯವರು ದಾವೆ ಹೂಡಿಯಾರು ಎಂಬ ಎಚ್ಚರಿಕೆಯ ಪತ್ರಗಳು ಹೋದವು. 2024ರ ಜೂನ್‌ನಲ್ಲಿ ಬಳಕೆಯ ಷರತ್ತುಗಳನ್ನು ಬದಲಿಸಿ, ಒಪ್ಪಿದರಷ್ಟೇ ಮುಂದೆ ಎಂದಾಗ ಚಿತ್ರಕಾರರು ‘ನಮ್ಮ ಕೃತಿಯ ಮೇಲೆ ನಿಮಗೇನು ಹಕ್ಕು?’ ಎಂದು ತಿರುಗಿಬಿದ್ದರು. ಕಂಪೆನಿ ಷರತ್ತನ್ನು ಮತ್ತೆ ತಿದ್ದಿ ಬರೆಯಿತು. ಅದೇ ತಿಂಗಳು ಅಮೆರಿಕ ಸರ್ಕಾರ, ಚಂದಾವನ್ನು ನಡುವೆ ಬಿಟ್ಟವರಿಗೆ ವಿಧಿಸುವ ಶುಲ್ಕವನ್ನು ಮರೆಮಾಚಿದ ಆರೋಪದ ಮೇಲೆ ದಾವೆ ಹೂಡಿತು. ಇದು ಒಂದೇ ಕಂಪೆನಿಯ ಕಥೆಯೂ ಅಲ್ಲ. ಬ್ರಾಡ್‌ಕಾಮ್ 2023ರ ನವೆಂಬರ್‌ನಲ್ಲಿ ವಿಎಂವೇರ್ ಕಂಪೆನಿಯನ್ನು ಕೊಂಡು, ಮರುತಿಂಗಳೇ ಅಲ್ಲಿನ ಶಾಶ್ವತ ಪರವಾನಗಿಗಳ ಮಾರಾಟ ನಿಲ್ಲಿಸಿತು.

ಕಂಪೆನಿಗಳ ಪಕ್ಷದಲ್ಲೂ ಮಾತಿದೆ. ಸಿಎಸ್6ರ ಪೂರ್ಣ ಸಂಪುಟಕ್ಕೆ 2,599 ಡಾಲರ್ ಇತ್ತು. ಚಂದಾ ಆರಂಭವಾದಾಗ ತಿಂಗಳಿಗೆ ಸುಮಾರು 50 ಡಾಲರ್. ಒಮ್ಮೆಗೇ ಅಷ್ಟು ಹಣ ಸುರಿಯಲಾರದವನಿಗೆ ಇದು ಸುಲಭ, ಸುಧಾರಣೆಗಳೂ ಕಾಯದೆ ಬರುತ್ತವೆ. ಇನ್ನು, ಸಣ್ಣ ಪೇಟೆಗಳಲ್ಲಿ ಕದ್ದ ಸಿ.ಡಿ.ಗಳಿಂದಲೇ ಬದುಕು ಕಟ್ಟಿಕೊಂಡವರೂ ಇದ್ದರೆಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ತೊಂದರೆಯಾದದ್ದು ನ್ಯಾಯವಾಗಿ ದುಡ್ಡು ಕೊಟ್ಟವನಿಗೆ. ವರ್ಷದಲ್ಲಿ ನಾಲ್ಕು ತಿಂಗಳು ಮೈಮುರಿಯುವ ಕೆಲಸ, ಮಳೆಗಾಲದಲ್ಲಿ ಕೈಕಟ್ಟಿ ಕೂರುವ ಅಂಗಡಿಗೆ ಹನ್ನೆರಡೂ ತಿಂಗಳ ಬಾಡಿಗೆ ಹೊಂದುವುದಿಲ್ಲ. ಆಷಾಢದ ಗಾಳಿಮಳೆಗೆ ಕರೆಂಟು, ಸಿಗ್ನಲ್ ಎರಡೂ ಹೋಗುವ ಊರಿಗೆ ದೂರದ ಬೀಗವೂ ಹೊಂದುವುದಿಲ್ಲ.

ಗ್ರಾಹಕನಿಗೆ ಇರುವ ಆಸರೆ ಅಲ್ಪಸ್ವಲ್ಪ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಅನ್ಯಾಯದ ಕರಾರು’ ಎಂಬ ಹೊಸ ಕಲ್ಪನೆ ಸೇರಿದೆ. ಸಕಾರಣವಿಲ್ಲದೆ ಒಂದೇ ಪಕ್ಷ ಕರಾರು ಮುರಿಯಬಹುದೆಂಬ ಷರತ್ತು ಅದರಡಿ ಬರುತ್ತದೆ. ದೂರನ್ನು ರಾಜ್ಯ ಆಯೋಗಕ್ಕೇ ಒಯ್ಯಬೇಕು. ವಾಣಿಜ್ಯ ಬಳಕೆದಾರರು ಗ್ರಾಹಕರಲ್ಲ ಎನ್ನುವ ಅದೇ ಕಾಯ್ದೆ, ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯುವವರಿಗೆ ವಿನಾಯಿತಿ ಕೊಟ್ಟಿರುವುದು ಡಿಟಿಪಿ ಅಂಗಡಿಯವರಿಗೆ ಅನುಕೂಲ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ಚಂದಾ ತಾನಾಗಿ ಕಡಿತವಾಗುವ ಮುನ್ನ ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕು. ಮರೆತ ಚಂದಾ ನಿಲ್ಲಿಸಲು ಇದು ನೆರವಾಗುತ್ತದೆ, ಏರಿದ ಚಂದಾ ಇಳಿಸಲು ಅಲ್ಲ.

ಬಾಡಿಗೆಯಿಲ್ಲದ ದಾರಿಯೂ ಇದೆ. ಸ್ಕ್ರೈಬಸ್ ಎಂಬ ಮುಕ್ತ ತಂತ್ರಾಂಶದ 1.6 ಆವೃತ್ತಿ 2024ರ ಜನವರಿಯಲ್ಲಿ ಬಂದಿದೆ. ಯೂನಿಕೋಡ್ ಕನ್ನಡದಲ್ಲಿ ಪುಟ ಕಟ್ಟಬಹುದು. ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಅಕ್ಷರವಿನ್ಯಾಸಗಳಿವೆ. ಆದರೆ ಹೊಸದನ್ನು ಕಲಿಯುವುದಕ್ಕಿಂತ ದೊಡ್ಡ ಕಷ್ಟ ಹಳೆಯದನ್ನು ತೆರೆಯುವುದು. ಊರ ಶಾಲೆಗಳ ಸ್ಮರಣ ಸಂಚಿಕೆಗಳು, ದೇವಸ್ಥಾನಗಳ ಪರಿಚಯ ಪುಸ್ತಿಕೆಗಳು, ಮನೆತನಗಳ ವಂಶಾವಳಿಗಳು ಆ ಮೂಲೆಯ ಮುದಿ ಯಂತ್ರಗಳಲ್ಲಿ ಪೇಜ್‌ಮೇಕರ್ ಕಡತಗಳಾಗಿ ಕುಳಿತಿವೆ. ಅವನ್ನು ಇನ್‌ಡಿಸೈನ್‌ನಲ್ಲಿ ತೆರೆಯಬಹುದು, ಆದರೆ ಸಿಎಸ್6 ಅಥವಾ ಅದಕ್ಕಿಂತ ಹಿಂದಿನದರಲ್ಲಿ ಮಾತ್ರ. ಚಂದಾ ಕಟ್ಟಿ ಪಡೆಯುವ ಆವೃತ್ತಿಗಳು ಅವನ್ನು ಮುಟ್ಟುವುದಿಲ್ಲ. ಸಿಎಸ್6ರ ಮಾರಾಟ 2017ರಲ್ಲೇ ನಿಂತಿದೆ.