ಪಾಯಿಂಟು ಸುಡುವುದೇಕೆ?

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಹಳೇ ಜಾವಾ 250 ಬೈಕಿನ ಬಲಬದಿಯ ಮುಚ್ಚಳ ಬಿಚ್ಚಿದರೆ ಎದುರಿಗೇ ಡೈನಮೊ ಕಾಣುತ್ತದೆ. ಅದರ ನಟ್ಟನಡುವೆ, ಕ್ರ್ಯಾಂಕಿನ ತುದಿಯಲ್ಲಿ, ಒಂದು ಪುಟ್ಟ ಕ್ಯಾಮ್ ತಿರುಗುತ್ತಿರುತ್ತದೆ. ಕ್ಯಾಮ್‌ಗೆ ಒತ್ತಿಕೊಂಡ ಫೈಬರ್ ತುಂಡೊಂದು ಸ್ಪ್ರಿಂಗಿನ ತೋಳನ್ನು ಎತ್ತುತ್ತದೆ, ಇಳಿಸುತ್ತದೆ. ಆ ತೋಳಿನ ತುದಿಯಲ್ಲಿ ಮೂರು-ನಾಲ್ಕು ಮಿಲಿಮೀಟರ್ ಅಗಲದ ಒಂದು ಲೋಹದ ಬಿಲ್ಲೆ, ಅದರ ಎದುರಿಗೆ ಅಲುಗಾಡದ ಇನ್ನೊಂದು ಬಿಲ್ಲೆ. ಗ್ಯಾರೇಜಿನವರು ಸಿಬಿ (ಕಾಂಟ್ಯಾಕ್ಟ್ ಬ್ರೇಕರ್) ಪಾಯಿಂಟ್ ಎನ್ನುವುದು ಈ ಜೋಡಿಗೆ. ಇವು ಪೂರ್ತಿ ತೆರೆದಾಗಲೂ ನಡುವಿನ ಅಂತರ ಸುಮಾರು 0.4 ಮಿ.ಮೀ. ಅಷ್ಟೆ.

ಜಾವಾದ್ದು ಒಂದೇ ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್. ಕ್ರ್ಯಾಂಕ್ ಒಂದು ಸುತ್ತು ಬಂದರೆ ಒಂದು ಕಿಡಿ ಬೇಕು. ನಿಮಿಷಕ್ಕೆ 3000 ಸುತ್ತಿನಲ್ಲಿ ಓಡುತ್ತಿದ್ದರೆ ಪಾಯಿಂಟು ಸೆಕೆಂಡಿಗೆ 50 ಸಲ ಕೂಡಿ ಅಗಲಬೇಕು. ಒಂದು ಗಂಟೆಯ ಸವಾರಿಗೆ 1,80,000 ಸಲ. ಇಷ್ಟು ದುಡಿಯುವ ಬಿಲ್ಲೆ ಸವೆಯುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಪಾಯಿಂಟು ಹಾಳಾಗುವುದು ಬಡಿದಾಟದಿಂದಲ್ಲ, ಸುಡುವುದರಿಂದ. ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಎಂಜಿನಿಯರುಗಳು ಇದಕ್ಕೆ ಹುಡುಕಿದ ಮದ್ದುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಒಳ್ಳೆಯ ಲೋಹ ಹುಡುಕಿದ್ದಕ್ಕಿಂತ, ಲೋಹದ ಮೇಲಿನ ಹೊರೆ ಇಳಿಸಿದ್ದರಿಂದಲೇ ಹೆಚ್ಚು ಲಾಭವಾಗಿದೆ.

ಹೊರೆ ಯಾವುದೆಂದು ತಿಳಿಯಬೇಕಾದರೆ ಇಗ್ನಿಷನ್ ಕಾಯಿಲ್ ಕಡೆಗೆ ಹೋಗಬೇಕು. ಕಾಯಿಲ್ ಒಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ತಂತಿಗಳಿವೆ. ಪ್ರೈಮರಿಯ ದಪ್ಪ ತಂತಿಗೆ ಕೆಲವು ನೂರು ಸುತ್ತು, ಸೆಕೆಂಡರಿಯ ಕೂದಲೆಳೆಯಂಥ ತಂತಿಗೆ ಅದರ ಅರವತ್ತರಿಂದ ನೂರು ಪಟ್ಟು ಸುತ್ತು. ಪಾಯಿಂಟು ಕೂಡಿದಾಗ ಬ್ಯಾಟರಿಯಿಂದ ಪ್ರೈಮರಿಗೆ ಮೂರು-ನಾಲ್ಕು ಆಂಪಿಯರ್ ಕರೆಂಟ್ ಹರಿದು ತಿರುಳು ಅಯಸ್ಕಾಂತವಾಗುತ್ತದೆ. ಕಿಡಿ ಹುಟ್ಟುವುದು ಕೂಡಿದಾಗಲ್ಲ, ಅಗಲಿದಾಗ. ಪಂಪ್‌ಸೆಟ್ಟಿನ ನೀರು ರಭಸದಿಂದ ಹರಿಯುತ್ತಿರುವಾಗ ವಾಲ್ವನ್ನು ಫಕ್ಕನೆ ಮುಚ್ಚಿದರೆ ಪೈಪು ಅದುರಿ ಸದ್ದು ಮಾಡುತ್ತದಲ್ಲ, ಹಾಗೆಯೇ ಹರಿಯುವ ಕರೆಂಟನ್ನು ಥಟ್ಟನೆ ಕಡಿದಾಗ ಕಾಯಿಲ್ ಎದುರು ಒದೆಯುತ್ತದೆ. 6 ಅಥವಾ 12 ವೋಲ್ಟಿನ ಪ್ರೈಮರಿಯಲ್ಲೇ ಆಗ ಇನ್ನೂರು-ಮುನ್ನೂರು ವೋಲ್ಟ್ ಏಳುತ್ತದೆ. ಸೆಕೆಂಡರಿಯಲ್ಲಿ ಅದು ಹತ್ತಿಪ್ಪತ್ತು ಸಾವಿರ ವೋಲ್ಟಾಗಿ ಪ್ಲಗ್ಗಿನ ತುದಿಯಲ್ಲಿ ಸಿಡಿಯುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ವಿದ್ಯುತ್ ಪ್ರೇರಣೆ ಇದು. ಕಾರಿಗೆ ಒಗ್ಗುವಂತೆ ಇದನ್ನು ರೂಪಿಸಿದವರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಪ್ರಮುಖ. 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಅವರ ಡೆಲ್ಕೊ ಇಗ್ನಿಷನ್ ಇತ್ತು.

ಕರೆಂಟ್ ಎಷ್ಟು ಚುರುಕಾಗಿ ಕಡಿಯುತ್ತದೋ ಕಿಡಿ ಅಷ್ಟು ಖಡಕ್. ಚುರುಕಾಗಿ ಕಡಿಯಲು ಬಿಡದೆ ಕಾಡುವುದು ಆ ಒದೆತವೇ. ಬಿಲ್ಲೆಗಳು ಬೇರ್ಪಡತೊಡಗಿದಾಗ ಅವೆರಡೂ ಮುಟ್ಟಿಕೊಂಡಿರುವ ಜಾಗ ಕಿರಿದಾಗುತ್ತ ಹೋಗಿ ಕೊನೆಗೆ ಒಂದು ಚುಕ್ಕೆ ಉಳಿಯುತ್ತದೆ. ಇಡೀ ಕರೆಂಟ್ ಆ ಚುಕ್ಕೆಯಲ್ಲೇ ನುಗ್ಗುವುದರಿಂದ ಅಲ್ಲಿನ ಲೋಹ ಕರಗಿ, ಎರಡು ಬಿಲ್ಲೆಗಳ ನಡುವೆ ಸೂಕ್ಷ್ಮವಾದ ದ್ರವಸೇತುವೆ ಏರ್ಪಡುತ್ತದೆ. ಮರುಕ್ಷಣ ಅದು ಕುದಿದು ತುಂಡಾಗುತ್ತದೆ. ಇನ್ನೂ ಅಂತರ ಒಂದೆರಡು ಮೈಕ್ರಾನ್ ಇರುವಾಗಲೇ ಕಾಯಿಲಿನ ಒದೆತ ಮೇಲೆರಗಿ ಬಿಲ್ಲೆಗಳ ನಡುವೆ ಬೆಂಕಿಯ ಕಮಾನು ಹೊತ್ತಿಸುತ್ತದೆ. ಹತ್ತು-ಹದಿನೈದು ವೋಲ್ಟೂ ಸುಮಾರು ಒಂದು ಆಂಪಿಯರ್ ಕರೆಂಟೂ ಸಿಕ್ಕರೆ ಸಾಕು, ಅದು ಉರಿಯುತ್ತಲೇ ಇರುತ್ತದೆ. ಪ್ಲಗ್ಗಿಗೆ ಹೋಗಬೇಕಾದ ಶಕ್ತಿ ಪಾಯಿಂಟನ್ನೇ ತಿನ್ನುತ್ತದೆ.

ಮೊದಲ ಮದ್ದು ಕಾರು ಹುಟ್ಟುವ ಮೊದಲೇ ಸಿಕ್ಕಿತ್ತು. 1853ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಇಪೊಲಿತ್ ಫಿಜೊ, ಇಂಡಕ್ಷನ್ ಕಾಯಿಲಿನ ಪಾಯಿಂಟಿಗೆ ಅಡ್ಡಲಾಗಿ ಕಂಡೆನ್ಸರ್ ಜೋಡಿಸಿದರು. ಜಾವಾದಲ್ಲೂ ಅಂಬಾಸಿಡರಿನಲ್ಲೂ ಪಾಯಿಂಟಿನ ಪಕ್ಕದಲ್ಲಿರುವ ಆ ಲೋಹದ ಡಬ್ಬಿ ಅದೇ. ಅದರ ಧಾರಣಶಕ್ತಿ ಸುಮಾರು 0.2 ಮೈಕ್ರೊಫ್ಯಾರಡ್. ಪಾಯಿಂಟು ತೆರೆಯುತ್ತಿದ್ದಂತೆ ಕರೆಂಟ್ ಕಂಡೆನ್ಸರಿಗೆ ತಿರುಗುತ್ತದೆ. ಅದು ತುಂಬಿ ವೋಲ್ಟೇಜ್ ಏರುವಷ್ಟರಲ್ಲಿ ಬಿಲ್ಲೆಗಳು ಕಮಾನು ಹಾರಲಾರದಷ್ಟು ದೂರ ಸರಿದಿರುತ್ತವೆ. ಹೀಗೆ ಕಂಡೆನ್ಸರ್ ಪಾಯಿಂಟನ್ನೂ ಕಾಯುತ್ತದೆ, ಪ್ಲಗ್ಗಿನ ಕಿಡಿಯನ್ನೂ ಬಲಗೊಳಿಸುತ್ತದೆ. ಕಂಡೆನ್ಸರ್ ಕೆಟ್ಟ ಗಾಡಿಯ ಮುಚ್ಚಳ ತೆಗೆದು ಕತ್ತಲಲ್ಲಿ ಕಿಕ್ ಹೊಡೆದರೆ ಪಾಯಿಂಟಿನಲ್ಲಿ ನೀಲಿ ಬೆಂಕಿ ಫಳಫಳಿಸುವುದು ಕಾಣುತ್ತದೆ, ಪ್ಲಗ್ಗಿನಲ್ಲಿ ಮಾತ್ರ ಬಡಕಲು ಕಿಡಿ.

ಕಂಡೆನ್ಸರಿನ ಅಳತೆ ತಪ್ಪಿದರೂ ಪಾಯಿಂಟು ಬಾಯಿಬಿಟ್ಟು ಹೇಳುತ್ತದೆ. ಕರಗಿದ ಲೋಹ ಒಂದೇ ದಿಕ್ಕಿಗೆ ವಲಸೆ ಹೋಗಿ, ಒಂದು ಬಿಲ್ಲೆಯಲ್ಲಿ ಕುಳಿ ಬಿದ್ದು ಇನ್ನೊಂದರಲ್ಲಿ ಮೊನೆ ಬೆಳೆಯುತ್ತದೆ. ಆಗ ಪಾಯಿಂಟನ್ನಷ್ಟೇ ಬದಲಿಸಿ ಹಳೇ ಕಂಡೆನ್ಸರನ್ನು ಉಳಿಸಿಕೊಂಡರೆ ಹೊಸ ಪಾಯಿಂಟಿಗೂ ಅದೇ ಗತಿ. ಸರಿಯಾಗಿ ದುಡಿಯುತ್ತಿರುವ ಪಾಯಿಂಟಿನ ಮೈ ತಿಳಿಬೂದು ಬಣ್ಣಕ್ಕಿದ್ದು ಸ್ವಲ್ಪ ಒರಟಾಗಿರುತ್ತದೆ. ಕನ್ನಡಿಯಂತೆ ಹೊಳೆಯಲೇಬೇಕು ಎಂದೇನೂ ಇಲ್ಲ.

ಎರಡನೆಯ ಮದ್ದು ಲೋಹದ್ದು. ಆರಂಭದ ಪಾಯಿಂಟುಗಳಿಗೆ ಪ್ಲಾಟಿನಂ ಮತ್ತು ಅದರ ಮಿಶ್ರಲೋಹಗಳನ್ನು ಹಾಕುತ್ತಿದ್ದರು. ಪ್ಲಾಟಿನಂಗೆ ತುಕ್ಕಿನ ಕಾಟವಿಲ್ಲ. ಆದರೆ ಅದು ಮೆತು, 1768 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಬೆಲೆಯಂತೂ ಕೇಳುವುದೇ ಬೇಡ. 1910ರ ಸುಮಾರಿಗೆ ಜನರಲ್ ಎಲೆಕ್ಟ್ರಿಕ್ ಕಂಪನಿಯ ವಿಲಿಯಂ ಕೂಲಿಡ್ಜ್, ಬಲ್ಬಿನ ತಂತಿಗಾಗಿ, ಒಡೆದು ಪುಡಿಯಾಗುತ್ತಿದ್ದ ಟಂಗ್‌ಸ್ಟನ್ನನ್ನು ಬಗ್ಗಿಸುವ ವಿದ್ಯೆ ಸಾಧಿಸಿದರು. ಆ ಲೋಹವೇ ಮುಂದೆ ಪಾಯಿಂಟಿಗೂ ಬಂತು. ಟಂಗ್‌ಸ್ಟನ್ ಕರಗಲು 3422 ಡಿಗ್ರಿ ಬೇಕು, ಗಡಸುತನವೂ ಹೆಚ್ಚು. ಹಾಗಾಗಿ ಸುಡುವುದು ಕಡಿಮೆಯಾಯಿತು. ಬದಲಿಗೆ ಇನ್ನೊಂದು ತೊಂದರೆ ಬಂದು ಕೂತಿತು: ಬಿಸಿಗೂ ತೇವಕ್ಕೂ ಟಂಗ್‌ಸ್ಟನ್ನಿನ ಮೇಲೆ ಆಕ್ಸೈಡಿನ ಪೊರೆ ಕಟ್ಟುತ್ತದೆ. ಕರೆಂಟಿಗೆ ಅದು ಅಡ್ಡಿ. ಮಳೆಗಾಲವಿಡೀ ಮೂಲೆಯಲ್ಲಿ ನಿಂತ ಗಾಡಿ ಎಷ್ಟು ಕಿಕ್ ಹೊಡೆದರೂ ಕೆಮ್ಮದಿರುವುದಕ್ಕೆ ಎಷ್ಟೋ ಸಲ ಈ ಪೊರೆಯೇ ಕಾರಣ.

ಪೊರೆ ಇಷ್ಟು ಕಾಡುವುದೇಕೆಂದರೆ, ಎರಡು ಲೋಹಗಳು ನಾವಂದುಕೊಂಡಷ್ಟು ಅಗಲಕ್ಕೆ ಮುಟ್ಟಿಕೊಂಡಿರುವುದೇ ಇಲ್ಲ. ವಿದ್ಯುತ್ ಸಂಪರ್ಕಗಳ ಅಧ್ಯಯನಕ್ಕೆ ಬುನಾದಿ ಹಾಕಿದ ಸ್ವೀಡನ್ನಿನ ರಾಗ್ನರ್ ಹೋಮ್ ಇದನ್ನು ವಿವರವಾಗಿ ತೋರಿಸಿಕೊಟ್ಟರು. ಎಷ್ಟೇ ನುಣುಪಾದ ಮೈಯಲ್ಲೂ ಸೂಕ್ಷ್ಮ ಏರುತಗ್ಗುಗಳಿರುತ್ತವೆ. ಒತ್ತಿ ಹಿಡಿದಾಗ ಏರುಗಳಷ್ಟೇ ಒಂದಕ್ಕೊಂದು ತಾಗುತ್ತವೆ. ಕರೆಂಟ್ ದಾಟುವುದು ಈ ಬೆರಳೆಣಿಕೆಯ ಚುಕ್ಕೆಗಳಲ್ಲಿ. ಸ್ಪ್ರಿಂಗ್ ಗಟ್ಟಿಯಾಗಿ ಒತ್ತಿದರೆ ಚುಕ್ಕೆಗಳು ಹಿಗ್ಗಿ ತಡೆ ತಗ್ಗುತ್ತದೆ. ಸ್ಪ್ರಿಂಗ್ ಸಡಿಲಾದರೆ ಸಂಪರ್ಕ ಕೆಡುವುದಲ್ಲದೆ, ವೇಗ ಏರಿದಾಗ ತೋಳು ಕ್ಯಾಮಿನ ಜೊತೆ ಹೆಜ್ಜೆ ಹಾಕಲಾರದೆ ಕುಪ್ಪಳಿಸಿ ಎಂಜಿನ್ ಮಿಸ್ ಹೊಡೆಯುತ್ತದೆ.

ಈ ತಿಳಿವಳಿಕೆ ಹಳೇ ಮೆಕ್ಯಾನಿಕ್‌ಗಳ ಕೈಯಲ್ಲೇ ಇದೆ. ಕೆಲಸ ಕಲಿಯುವ ಹುಡುಗ ಪಾಯಿಂಟಿನ ನಡುವೆ ಎಮೆರಿ ಪೇಪರ್ ತೂರಿಸಿದನೋ, "ಲೋ, ಅದನ್ನ ಹಾಕ್ಬೇಡ್ವೋ, ಪಾಯಿಂಟು ಹಾಳಾಗೋಗ್ತೈತೆ" ಎಂದು ಗದರಿಸುತ್ತಾರೆ. "ಕಪ್ಪಗಾಗೈತಲ್ಲಣ್ಣ" ಎಂದರೆ, "ಕಪ್ಪಗಾಗೈತೆ ಅಂದ್ರೆ ಎಣ್ಣೆ ಎಲ್ಲಿಂದ ಬತ್ತೈತೆ ನೋಡು ಮೊದ್ಲು" ಎಂಬ ಉತ್ತರ ಬರುತ್ತದೆ. ಎರಡೂ ಮಾತು ಸರಿ. ಎಮೆರಿಯ ಹರಳು ಕರೆಂಟ್ ಹರಿಸದ ವಸ್ತು. ಅದು ಲೋಹದಲ್ಲಿ ನಾಟಿಕೊಂಡರೆ ಮುಟ್ಟಬೇಕಾದ ಚುಕ್ಕೆಗಳನ್ನೇ ಮುಟ್ಟದಂತೆ ಮಾಡುತ್ತದೆ. ಕ್ರ್ಯಾಂಕಿನ ಆಯಿಲ್ ಸೀಲ್ ಸೋತಿದ್ದರೆ ಎಣ್ಣೆಯ ಆವಿ ಪಾಯಿಂಟಿಗೆ ಬಡಿದು, ಕಮಾನಿನ ಬಿಸಿಗೆ ಸುಟ್ಟು ಇಂಗಾಲವಾಗಿ ಕೂರುತ್ತದೆ. ಪಾಯಿಂಟಿಗೆಂದೇ ಇರುವ ನವುರು ಅರದಿಂದ ಎರಡೆಳೆತ, ಪೆಟ್ರೋಲಿನಲ್ಲಿ ಒಂದು ತೊಳೆತ, ಕೊನೆಗೆ ಪಾಯಿಂಟು ಮುಚ್ಚಿ ನಡುವೆ ಶುಭ್ರವಾದ ಗಟ್ಟಿ ಕಾಗದವನ್ನು ಎಳೆಯುವುದು: ಇಷ್ಟರಿಂದ ಪೊರೆಯೂ ಹೋಗುತ್ತದೆ, ಕಸವೂ ಉಳಿಯುವುದಿಲ್ಲ. ಅಂಗಡಿಯಿಂದ ತಂದ ಹೊಸ ಪಾಯಿಂಟಿನ ಮೇಲೂ ತುಕ್ಕು ತಡೆಯುವ ಜಿಡ್ಡು ಇರಬಹುದು, ಅದನ್ನೂ ತೊಳೆದೇ ಕೂರಿಸಬೇಕು.

ಇನ್ನು ಗ್ಯಾಪು. ಫೈಬರ್ ತುಂಡು ಸವೆದಂತೆ ಗ್ಯಾಪು ಕಿರಿದಾಗಿ ಪಾಯಿಂಟು ತಡವಾಗಿ ತೆರೆಯುತ್ತದೆ, ಕಿಡಿಯೂ ತಡವಾಗುತ್ತದೆ. ಜಾವಾದಲ್ಲಿ ಪಿಸ್ಟನ್ ಮೇಲ್ತುದಿ ಮುಟ್ಟಲು ಮೂರು-ನಾಲ್ಕು ಮಿ.ಮೀ. ಇರುವಾಗಲೇ ಕಿಡಿ ಹಾರಬೇಕು. ಅದು ತಡವಾದರೆ ಎಂಜಿನ್ ಬಿಸಿಯೇರಿ ಎಳೆತ ಕುಗ್ಗುತ್ತದೆ. ಗ್ಯಾಪು ಹೆಚ್ಚಿಸಿಟ್ಟರೂ ಕಷ್ಟವೇ: ಪಾಯಿಂಟು ಮುಚ್ಚಿರುವ ಹೊತ್ತು ಕಡಿಮೆಯಾಗಿ ಕಾಯಿಲ್ ತುಂಬುವುದಿಲ್ಲ. ನಾಲ್ಕು ಸಿಲಿಂಡರಿನ ಅಂಬಾಸಿಡರಿನಲ್ಲಿ ಈ ಒತ್ತಡ ಇನ್ನೂ ಹೆಚ್ಚು. ನಿಮಿಷಕ್ಕೆ 3000 ಸುತ್ತಿನಲ್ಲಿ ಕಿಡಿಯಿಂದ ಕಿಡಿಗೆ 10 ಮಿಲಿಸೆಕೆಂಡ್ ಇರುತ್ತದೆ. ಅದರಲ್ಲಿ ಕಾಯಿಲ್ ತುಂಬಲು ಸಿಗುವುದು ಸುಮಾರು ಮೂರನೇ ಎರಡು ಭಾಗ. ವೇಗ ಇಮ್ಮಡಿಸಿದರೆ ಅದೂ ಅರ್ಧವಾಗುತ್ತದೆ. ಆದ್ದರಿಂದ ಫೀಲರ್ ಗೇಜ್ ಹಾಕಿ ಗ್ಯಾಪು ನೋಡಿದ ಮೇಲೆ ಟೈಮಿಂಗ್ ನೋಡದೆ ಮುಚ್ಚಳ ಹಾಕಬಾರದು. ಕ್ಯಾಮಿಗೆ ತಾಗುವ ಫೆಲ್ಟ್ ತುಂಡಿಗೆ ಚೂರೇ ಚೂರು ಗ್ರೀಸ್ ಹಚ್ಚಿದರೆ ಫೈಬರ್ ಬಾಳಿಕೆ ಬರುತ್ತದೆ. ಹೆಚ್ಚಾಗಿ ಹಚ್ಚಿದರೆ ಅದೇ ಗ್ರೀಸ್ ಹಾರಿ ಪಾಯಿಂಟಿನ ಮೇಲೆ ಕೂರುತ್ತದೆ.

ಇವೆಲ್ಲ ಪಾಲನೆಯ ಮಾತಾಯಿತು. ದೊಡ್ಡ ಸುಧಾರಣೆ ಬಂದದ್ದು 1960ರ ದಶಕದಲ್ಲಿ, ಟ್ರಾನ್ಸಿಸ್ಟರಿನಿಂದ. ಪಾಯಿಂಟು ಅಲ್ಲಿಯವರೆಗೆ ಎರಡು ಕೆಲಸ ಮಾಡುತ್ತಿತ್ತು. ಕಿಡಿ ಯಾವಾಗ ಬೇಕು ಎಂದು ಹೇಳುವುದು ಒಂದು, ನಾಲ್ಕು ಆಂಪಿಯರನ್ನು ಕಡಿಯುವುದು ಇನ್ನೊಂದು. ಕಡಿಯುವ ಕೆಲಸವನ್ನು ಟ್ರಾನ್ಸಿಸ್ಟರಿಗೆ ಒಪ್ಪಿಸಿ, ಸಮಯ ಹೇಳುವುದನ್ನಷ್ಟೇ ಪಾಯಿಂಟಿಗೆ ಉಳಿಸಿದರು. ಕರೆಂಟ್ ಒಂದು ಆಂಪಿಯರಿಗಿಂತ ಕೆಳಗಿಳಿಯಿತು, ಕಮಾನು ನಿಂತಿತು, ಕುಳಿ ಬೀಳುವುದು ತಪ್ಪಿತು.

ಆದರೆ ಕರೆಂಟನ್ನು ತೀರಾ ಇಳಿಸಿದರೆ ಪಾಯಿಂಟು ಮತ್ತೆ ಕೈಕೊಡುತ್ತದೆ! ಪಾಯಿಂಟನ್ನು ಸುಡುತ್ತಿದ್ದ ಕರೆಂಟೇ ಅದರ ಮೇಲಿನ ಎಣ್ಣೆ, ಆಕ್ಸೈಡುಗಳನ್ನೂ ಸುಟ್ಟು ಶುಚಿಯಾಗಿಡುತ್ತಿತ್ತು. ಅದು ಬಡವಾದಾಗ ತೆಳು ಜಿಡ್ಡನ್ನೂ ಭೇದಿಸಲಾರದು. ಹೀಗಾಗಿ ವಿನ್ಯಾಸಕಾರರು ಬೇಕೆಂದೇ ಕೆಲವು ನೂರು ಮಿಲಿಆಂಪಿಯರ್ ಹರಿಯುವಂತೆ ನೋಡಿಕೊಂಡರು. ಬೆಳ್ಳಿಯ ಸ್ವಿಚ್ಚು, ರಿಲೇಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಭಾರೀ ಕರೆಂಟಿಗೆಂದು ಮಾಡಿದ ಸಂಪರ್ಕವನ್ನು ಸಣ್ಣ ಸಿಗ್ನಲ್ಲಿಗೆ ಬಳಸಿದರೆ ಅದು ನಂಬಿಕೆಗೆ ಅರ್ಹವಲ್ಲ.

ಮುಂದಿನ ಹೆಜ್ಜೆ ಮುಟ್ಟುವುದನ್ನೇ ಬಿಡುವುದು. ಅಯಸ್ಕಾಂತ ಹಾದುಹೋದದ್ದನ್ನು ಸುರುಳಿಯೋ ಹಾಲ್ ಸೆನ್ಸರೋ ಗುರುತಿಸಿ ಸುದ್ದಿ ಕೊಟ್ಟರೆ ಸವೆಯುವುದಕ್ಕೆ ಏನೂ ಇರುವುದಿಲ್ಲ. ಹಾಲ್ ಸೆನ್ಸರಿಗೆ ಆಧಾರವಾದ ಪರಿಣಾಮವನ್ನು ಎಡ್ವಿನ್ ಹಾಲ್ ಕಂಡದ್ದು 1879ರಲ್ಲಿ. ಕ್ರೈಸ್ಲರ್ 1973ರ ಹೊತ್ತಿಗೆ ಅಮೆರಿಕದ ತನ್ನ ಕಾರುಗಳಲ್ಲಿ ಪಾಯಿಂಟ್ ಇಲ್ಲದ ಇಗ್ನಿಷನ್ನನ್ನೇ ಕೊಡತೊಡಗಿತು. ನಮ್ಮ ಬೈಕುಗಳಿಗೆ ಸಿಡಿಐ ಪೆಟ್ಟಿಗೆ ಬಂತು. ಅದರಲ್ಲಿ ಕಂಡೆನ್ಸರ್ ಮುನ್ನೂರು ವೋಲ್ಟಿನಷ್ಟು ತುಂಬಿಕೊಂಡು ಒಮ್ಮೆಲೇ ಕಾಯಿಲಿಗೆ ಸುರಿಯುತ್ತದೆ. ಹಳೇ ಜಾವಾ, ಯೆಜ್ಡಿ, ಬುಲೆಟ್‌ಗಳಿಗೂ ಈಗ ಎಲೆಕ್ಟ್ರಾನಿಕ್ ಕಿಟ್‌ಗಳು ಸಿಗುತ್ತವೆ. ದಿನಾ ಓಡಿಸುವವರಿಗೆ ಅದು ನೆಮ್ಮದಿ. ಭಾನುವಾರದ ಸವಾರಿಗಷ್ಟೇ ಗಾಡಿ ತೆಗೆಯುವವರಿಗೆ ಒಳ್ಳೆಯ ಕಂಡೆನ್ಸರ್, ಬಿಗಿಯಾದ ಅರ್ತ್ ತಂತಿ, ಸರಿಯಾದ ಗ್ಯಾಪು ಇಷ್ಟಿದ್ದರೆ ಪಾಯಿಂಟೇ ಸಾಕು. ದಾರಿಯಲ್ಲಿ ನಿಂತರೂ ಸ್ಕ್ರೂಡ್ರೈವರ್ ಒಂದರಿಂದ ಮನೆ ಮುಟ್ಟಬಹುದು.

ಪಾಯಿಂಟಿನ ಸಮಸ್ಯೆ ಎಲೆಕ್ಟ್ರಿಕ್ ಕಾರಿನಲ್ಲಿ ಬೇರೆ ರೂಪದಲ್ಲಿ ಮರಳಿದೆ. ಅಲ್ಲಿ ಮುನ್ನೂರು-ನಾನೂರು ವೋಲ್ಟಿನ ಬ್ಯಾಟರಿಯನ್ನು ಮೋಟಾರಿನ ಕಡೆಗೆ ಜೋಡಿಸುವುದು ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚು. ಅದಕ್ಕೆ ಅಗಲುವಾಗಲೂ ಅಪಾಯ, ಕೂಡುವಾಗಲೂ ಅಪಾಯ. ಇನ್ವರ್ಟರಿನ ಖಾಲಿ ಕಂಡೆನ್ಸರುಗಳು ಒಮ್ಮೆಲೇ ಕರೆಂಟ್ ಹೀರಿದರೆ ಬಿಲ್ಲೆಗಳು ಬೆಸೆದುಕೊಂಡುಬಿಡುತ್ತವೆ. ಅದಕ್ಕೇ ಮೊದಲು ಒಂದು ರೆಸಿಸ್ಟರಿನ ಮೂಲಕ ನಿಧಾನವಾಗಿ ಅವುಗಳನ್ನು ತುಂಬಿಸಿ, ಎರಡೂ ಬದಿಯ ವೋಲ್ಟೇಜ್ ಹೆಚ್ಚುಕಡಿಮೆ ಸಮನಾದ ಮೇಲೆ ಮುಖ್ಯ ಬಿಲ್ಲೆಗಳನ್ನು ಕೂಡಿಸುತ್ತಾರೆ. ಫಿಜೊ 1853ರಲ್ಲಿ ಮಾಡಿದ್ದೂ ಇದೇ ಬಗೆಯ ಉಪಾಯ: ಬಿಲ್ಲೆಯ ಲೋಹವನ್ನು ಅವರು ಬದಲಿಸಲಿಲ್ಲ, ಆ ಬಿಸಿಗಳಿಗೆಯ ಹೊರೆಯನ್ನು ಬೇರೊಂದರ ಹೆಗಲಿಗೆ ದಾಟಿಸಿದರು.