ಕೈಗೆ ನಿಲುಕದ ಸೆಲ್ಫ್: ಬಿಚ್ಚುವ ಮೊದಲು ಅಳೆಯಬೇಕಾದದ್ದು

ನಿಂತಿರುವ ಕಾರಿನ ಎಂಜಿನ್ನನ್ನು ಮೊದಲ ಕೆಲವು ಸುತ್ತು ತಿರುಗಿಸಿ ಎಬ್ಬಿಸುವ ವಿದ್ಯುತ್ ಮೋಟಾರಿಗೆ ತಾಂತ್ರಿಕ ಪುಸ್ತಕಗಳಲ್ಲಿ ಸ್ಟಾರ್ಟರ್ ಮೋಟಾರ್ ಎಂಬ ಹೆಸರಿದ್ದರೂ ಗ್ಯಾರೇಜಿನ ಮಾತಿನಲ್ಲಿ ಅದು ಬರಿಯ ‘ಸೆಲ್ಫ್’. ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಕಲ್ಯಾಣದುರ್ಗ ಸೀಮೆಗೆ ಸೇರಿದ, ಕನ್ನಡ ಮತ್ತು ತೆಲುಗು ಒಂದರೊಳಗೊಂದು ಬೆರೆತಿರುವ ಕುಂದುರ್ಪಿಯಂತಹ ಗಡಿನಾಡಿನ ಊರಿನಲ್ಲಿ ಸೆಲ್ಫ್ ಕೈಕೊಟ್ಟರೆ, ಕಾರನ್ನು ಕಲ್ಯಾಣದುರ್ಗಕ್ಕೋ ಹಿಂದೂಪುರಕ್ಕೋ ಎಳೆಸಿಕೊಂಡು ಹೋಗಬೇಕು, ಇಲ್ಲವೇ ಮನೆಯಂಗಳದಲ್ಲಿಯೇ ಅದನ್ನು ಬಿಚ್ಚಿ ಬದಲಿಸಬೇಕು. ಈ ಎರಡನೆಯ ದಾರಿ ಅಸಾಧ್ಯವಾದದ್ದಲ್ಲ. ಆದರೆ ಇಂದಿನ ಕಾರುಗಳಲ್ಲಿ ಸೆಲ್ಫ್ ಇರುವ ಜಾಗ ಎಷ್ಟು ಇಕ್ಕಟ್ಟಾದದ್ದೆಂದರೆ, ಅದನ್ನು ಬಿಚ್ಚುವ ಶ್ರಮಕ್ಕಿಂತ, ಬಿಚ್ಚುವ ಅಗತ್ಯವಿದೆಯೇ ಎಂಬುದನ್ನು ನಿರ್ಧರಿಸುವ ತಿಳಿವಳಿಕೆಯೇ ಹೆಚ್ಚು ಬೆಲೆಯುಳ್ಳದ್ದು.

ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್ ತಾನಾಗಿಯೇ ಚಲನೆಯನ್ನು ಆರಂಭಿಸಲಾರದು, ಏಕೆಂದರೆ ಇಂಧನ ಉರಿಯುವ ಮೊದಲು ಗಾಳಿಯನ್ನು ಒಳಗೆಳೆದು ಒತ್ತಬೇಕು, ಒತ್ತುವ ಕೆಲಸಕ್ಕೆ ಪಿಸ್ಟನ್ ಆಗಲೇ ಚಲಿಸುತ್ತಿರಬೇಕು. ಆರಂಭದ ಕಾರುಗಳಲ್ಲಿ ಈ ಮೊದಲ ಚಲನೆಯನ್ನು ಮನುಷ್ಯನ ತೋಳು ಒದಗಿಸುತ್ತಿತ್ತು. ಮುಂಭಾಗದಲ್ಲಿ ಹ್ಯಾಂಡಲ್ ತೂರಿಸಿ ತಿರುಗಿಸುವಾಗ ಎಂಜಿನ್ ಹಿಮ್ಮುಖವಾಗಿ ಒದೆದು ಮಣಿಕಟ್ಟು ಮುರಿದುಕೊಂಡವರು ಅನೇಕರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದ ಮೇಲೆ ಹ್ಯಾಂಡಲ್ ಕ್ರಮೇಣ ಹಿಂದೆ ಸರಿಯಿತಾದರೂ, ಭಾರತದ ಅಂಬಾಸಡರ್ ಕಾರಿನಲ್ಲಿ ಬ್ಯಾಟರಿ ಸೋತಾಗಿನ ಆಸರೆಯಾಗಿ ಅದು ಬಹುಕಾಲ ಉಳಿದುಕೊಂಡಿತ್ತು. ಎಂಜಿನ್ ತನ್ನಿಂದ ತಾನೇ ಹೊರಡುವಂತೆ ಕಂಡದ್ದರಿಂದ ಈ ಸಾಧನಕ್ಕೆ ಸೆಲ್ಫ್ ಸ್ಟಾರ್ಟರ್ ಎಂಬ ಹೆಸರು ಬಂತು. ನಮ್ಮ ಮಾತು ಅದರ ಮೊದಲರ್ಧವನ್ನು ಮಾತ್ರ ಉಳಿಸಿಕೊಂಡಿತು.

ಎಂಜಿನ್ನಿನ ಹಿಂಬದಿಯಲ್ಲಿ, ಗೇರ್‌ಬಾಕ್ಸಿಗೆ ಸೇರುವ ಕಡೆ, ಫ್ಲೈವೀಲ್ ಎಂಬ ಭಾರವಾದ ಚಕ್ರವಿದ್ದು, ಅದರ ಅಂಚಿಗೆ ಬಳೆಯಂತೆ ತೊಡಿಸಿದ ಹಲ್ಲುಗಳ ಪಟ್ಟಿಗೆ ರಿಂಗ್ ಗೇರ್ ಎನ್ನುತ್ತಾರೆ. ಕೀಲಿ ತಿರುಗಿಸಿದಾಗ ಸೆಲ್ಫಿನ ಬೆನ್ನ ಮೇಲಿರುವ ಸಾಲಿನಾಯ್ಡ್, ಅಂದರೆ ತಂತಿ ಸುತ್ತಿದ ಸುರುಳಿಯೊಳಗೆ ಕಬ್ಬಿಣದ ಸರಳೊಂದು ಜಾರುವ ವಿದ್ಯುತ್ಕಾಂತ, ಒಂದೇ ಎಳೆತದಲ್ಲಿ ಎರಡು ಕೆಲಸ ಮಾಡುತ್ತದೆ: ಮೋಟಾರಿನ ಮೂತಿಯಲ್ಲಿರುವ ಪಿನಿಯನ್ ಎಂಬ ಪುಟ್ಟ ಹಲ್ಲಿನ ಚಕ್ರವನ್ನು ಮುಂದಕ್ಕೆ ದೂಡಿ ರಿಂಗ್ ಗೇರಿಗೆ ಕೂಡಿಸುತ್ತದೆ, ಜೊತೆಗೆ ದಪ್ಪ ತಾಮ್ರದ ಬಿಲ್ಲೆಗಳನ್ನು ಒಂದಕ್ಕೊಂದು ತಾಗಿಸಿ ಬ್ಯಾಟರಿಯ ಪೂರ್ಣ ಪ್ರವಾಹವನ್ನು ಮೋಟಾರಿಗೆ ಹರಿಸುತ್ತದೆ. ಪಿನಿಯನ್ನಿಗೆ ಹತ್ತರ ಆಸುಪಾಸು ಹಲ್ಲು, ರಿಂಗ್ ಗೇರಿಗೆ ನೂರಕ್ಕೂ ಮೇಲ್ಪಟ್ಟು ಹಲ್ಲು ಇರುವುದರಿಂದ ಮೋಟಾರು ಸುಮಾರು ಹತ್ತು ಸುತ್ತು ತಿರುಗಿದಾಗ ಎಂಜಿನ್ ಒಂದು ಸುತ್ತು ತಿರುಗುತ್ತದೆ, ಅಷ್ಟೇ ಪಾಲು ತಿರುಗಿಸುವ ಬಲವೂ ಹೆಚ್ಚುತ್ತದೆ. ಎಂಜಿನ್ ಹೊತ್ತಿಕೊಂಡು ವೇಗ ಪಡೆದೊಡನೆ ಅದು ಮೋಟಾರನ್ನೇ ಹುಚ್ಚಾಪಟ್ಟೆ ತಿರುಗಿಸಿ ಚೂರು ಮಾಡದಂತೆ, ಒಂದೇ ದಿಕ್ಕಿನಲ್ಲಿ ಮಾತ್ರ ಬಲ ದಾಟಿಸುವ ಕ್ಲಚ್ಚೊಂದು ಪಿನಿಯನ್ನಿನ ಹಿಂದೆ ಇರುತ್ತದೆ. ಮೆಕ್ಯಾನಿಕ್‌ಗಳು ಈ ಇಡೀ ಜೋಡಣೆಯನ್ನು ‘ಬೆಂಡಿಕ್ಸ್’ ಎನ್ನುತ್ತಾರೆ.

ಸೆಲ್ಫಿನ ತೊಂದರೆಗಳಲ್ಲಿ ಬಹುಪಾಲು ಅದು ಎಳೆಯುವ ಪ್ರವಾಹದ ಪ್ರಮಾಣಕ್ಕೆ ಸಂಬಂಧಿಸಿದವು. ಮನೆಯ 1,000 ವಾಟಿನ ಇಸ್ತ್ರಿಪೆಟ್ಟಿಗೆ 230 ವೋಲ್ಟಿನಲ್ಲಿ ಸುಮಾರು ನಾಲ್ಕೂಕಾಲು ಆಂಪಿಯರ್ ಎಳೆದರೆ, ಸುಮಾರು ಅಷ್ಟೇ ಸಾಮರ್ಥ್ಯದ ಸಣ್ಣ ಕಾರಿನ ಸೆಲ್ಫ್ ಕೇವಲ 12 ವೋಲ್ಟಿನ ಬ್ಯಾಟರಿಯಿಂದ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯಬೇಕಾಗುತ್ತದೆ. ಓಮ್‌ನ ನಿಯಮದಂತೆ ವೋಲ್ಟೇಜಿನ ನಷ್ಟವೆಂದರೆ ಪ್ರವಾಹ ಮತ್ತು ರೋಧಗಳ ಗುಣಲಬ್ಧವಾದ್ದರಿಂದ, ಬ್ಯಾಟರಿಯ ತುದಿಯಲ್ಲಿ ಬಿಳಿ-ಹಸಿರು ಪುಡಿ ಕಟ್ಟಿ ಉಂಟಾದ ಓಮಿನ ನೂರನೆಯ ಒಂದು ಭಾಗದಷ್ಟು ರೋಧವೂ 150 ಆಂಪಿಯರ್ ಹರಿಯುವಾಗ ಒಂದೂವರೆ ವೋಲ್ಟನ್ನು ನುಂಗಿಬಿಡುತ್ತದೆ. ಹೆಡ್‌ಲೈಟು ಪ್ರಖರವಾಗಿ ಉರಿಯುತ್ತಿದ್ದರೂ ಸೆಲ್ಫ್ ಮಾತ್ರ ತಿರುಗದಿರುವ ಒಗಟಿಗೆ ಉತ್ತರ ಹಲವು ವೇಳೆ ಇದೇ ಆಗಿರುತ್ತದೆ: ಕೆಲವೇ ಆಂಪಿಯರ್ ಬೇಡುವ ದೀಪಕ್ಕೆ ಆ ರೋಧ ಲೆಕ್ಕಕ್ಕೇ ಬಾರದು. ಬಿಸಿಯೂ ಇದಕ್ಕೆ ಕೈಜೋಡಿಸುತ್ತದೆ. ಅನಂತಪುರ ಸೀಮೆಯ ಬೇಸಿಗೆಯಲ್ಲಿ ಹೊರಗಿನ ಗಾಳಿಯೇ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವಾಗ, ಎಂಜಿನ್ನಿಗೆ ಅಂಟಿಕೊಂಡಿರುವ ಸೆಲ್ಫ್ ಇನ್ನಷ್ಟು ಕಾಯುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇಕಡಾ 0.39ರಷ್ಟು ಏರುವುದರಿಂದ 60 ಡಿಗ್ರಿಯ ಏರಿಕೆಗೆ ಅದು ಸುಮಾರು ಕಾಲುಪಾಲು ಹೆಚ್ಚುತ್ತದೆ. ತಣ್ಣಗಿರುವಾಗ ಸರಾಗವಾಗಿ ಹೊರಡುವ ಗಾಡಿ ದೂರ ಓಡಿ ನಿಂತ ಮೇಲೆ ಮೊಂಡಾಟ ಹೂಡುವುದಕ್ಕೆ ಇದೂ ಒಂದು ಕಾರಣ.

ಆದ್ದರಿಂದ ಮೊದಲ ಪರೀಕ್ಷೆ ಕಿವಿಯದು, ಎರಡನೆಯದು ಮಲ್ಟಿಮೀಟರಿನದು. ‘ಟಕಟಕಟಕ’ ಎಂಬ ಬಿಡದ ಸದ್ದು ಸಾಮಾನ್ಯವಾಗಿ ಬ್ಯಾಟರಿ ಸೋತದ್ದನ್ನು ಸೂಚಿಸುತ್ತದೆ: ಸಾಲಿನಾಯ್ಡ್ ಬಿಲ್ಲೆಗಳನ್ನು ತಾಗಿಸಿದೊಡನೆ ವೋಲ್ಟೇಜ್ ಕುಸಿದು ಅದರ ಹಿಡಿತ ಸಡಿಲುತ್ತದೆ, ಸಡಿಲಿದೊಡನೆ ವೋಲ್ಟೇಜ್ ಚೇತರಿಸಿಕೊಂಡು ಮತ್ತೆ ಎಳೆಯುತ್ತದೆ. ಒಂದೇ ಒಂದು ‘ಟಕ್’ ಕೇಳಿ ಮೌನವಾದರೆ ಬಿಲ್ಲೆಗಳು ಸುಟ್ಟಿರಬಹುದು, ಅಥವಾ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್‌ಗಳು ಸವೆದಿರಬಹುದು. ಮೋಟಾರು ‘ಗುಂಯ್’ ಎಂದು ತಿರುಗಿಯೂ ಎಂಜಿನ್ ಅಲುಗದಿದ್ದರೆ ಬೆಂಡಿಕ್ಸ್ ಜಾರುತ್ತಿದೆ ಎಂದರ್ಥ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಒಬ್ಬರು ಕೀಲಿ ತಿರುಗಿಸುತ್ತಿರುವಾಗ ಇನ್ನೊಬ್ಬರು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಧನಾಗ್ರಕ್ಕೂ ಇನ್ನೊಂದನ್ನು ಸೆಲ್ಫಿನ ದಪ್ಪ ಟರ್ಮಿನಲ್ಲಿಗೂ ತಾಗಿಸಿದರೆ ವ್ಯತ್ಯಾಸ ಅರ್ಧ ವೋಲ್ಟಿನೊಳಗಿರಬೇಕು. ಹೆಚ್ಚಿದ್ದರೆ ದೋಷ ಕೇಬಲ್ಲಿನದು ಅಥವಾ ಅದರ ತುದಿಗಳದು. ಹೀಗೆಯೇ ಬ್ಯಾಟರಿಯ ಋಣಾಗ್ರದಿಂದ ಸೆಲ್ಫಿನ ಮೈವರೆಗೆ ಅಳೆದರೆ ಅರ್ತಿನ, ಅಂದರೆ ಪ್ರವಾಹ ಹಿಂದಿರುಗುವ, ದಾರಿಯ ಸ್ಥಿತಿ ತಿಳಿಯುತ್ತದೆ. ಉಪ್ಪುಕಾಗದದಿಂದ ಉಜ್ಜಿದರೆ ಮುಗಿಯುವ ಕೆಲಸಕ್ಕೆ ಅರ್ಧ ದಿನ ಕಾರಿನಡಿ ಮಲಗುವುದನ್ನು ಈ ಕೆಲವು ನಿಮಿಷಗಳ ಅಳತೆ ತಪ್ಪಿಸಬಲ್ಲದು.

ಸೆಲ್ಫ್ ಕೈಗೆ ಸಿಗದ ಜಾಗಕ್ಕೆ ಸರಿದದ್ದಕ್ಕೆ ಒಂದು ಚರಿತ್ರೆಯಿದೆ. ಪಿನಿಯನ್ ರಿಂಗ್ ಗೇರನ್ನು ಮುಟ್ಟಲೇಬೇಕಾದ್ದರಿಂದ ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಸಂದಿನ ಬಳಿಯಲ್ಲದೆ ಅದಕ್ಕೆ ಬೇರೆ ನೆಲೆಯಿಲ್ಲ. ಎಂಜಿನ್ ಉದ್ದುದ್ದವಾಗಿ ಕೂತು ಹಿಂದಿನ ಚಕ್ರಗಳನ್ನು ತಿರುಗಿಸುತ್ತಿದ್ದ ಅಂಬಾಸಡರಿನಲ್ಲಿ ಬಾನೆಟ್ಟಿನಡಿ ಕೈಯಾಡಿಸಲು ಧಾರಾಳ ಜಾಗವಿತ್ತು. 1959ರಲ್ಲಿ ಅಲೆಕ್ ಇಸ್ಸಿಗೋನಿಸ್ ವಿನ್ಯಾಸದ ಬ್ರಿಟಿಷ್ ಮಿನಿ ಕಾರು ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳನ್ನೇ ತಿರುಗಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿತು. 1983ರಲ್ಲಿ ಮಾರುತಿ 800 ಅದೇ ಪದ್ಧತಿಯನ್ನು ಭಾರತದ ಬೀದಿಬೀದಿಗೆ ತಂದಿತು. ಪ್ರಯಾಣಿಕರ ಕಾಲಿಗೆ ದೊರೆತ ಜಾಗ ಎಂಜಿನ್ ಕೋಣೆಯಿಂದ ಕಸಿದದ್ದು. ಹಿಂದೂಪುರದಿಂದ ದೂರವಲ್ಲದ ಪೆನುಕೊಂಡದ ಬಳಿ 2019ರಿಂದ ತಯಾರಾಗುತ್ತಿರುವ ಕಿಯಾ ಕಾರುಗಳವರೆಗೂ ಇದೇ ಅಡ್ಡ ಜೋಡಣೆ ಸಾಗಿಬಂದಿದೆ. ಲೆಕ್ಸಸ್‌ನ ಮೊದಲ ಎಂಟು ಸಿಲಿಂಡರಿನ ಕಾರುಗಳಲ್ಲಿ ಸೆಲ್ಫ್ ಎರಡು ಸಿಲಿಂಡರ್ ಸಾಲುಗಳ ನಡುವಿನ ಕಣಿವೆಯಲ್ಲಿ, ಗಾಳಿ ಒಳಬರುವ ಕೊಳವೆಗಳ ಅಡಿಯಲ್ಲಿ ಹುದುಗಿದ್ದು, ಅದನ್ನು ಕಾಣಬೇಕಾದರೆ ಎಂಜಿನ್ನಿನ ಮೇಲ್ಭಾಗವನ್ನೇ ಕಳಚಬೇಕು.

ಬಿಚ್ಚಲೇಬೇಕೆಂದು ಖಚಿತವಾದ ಮೇಲೆ ಮೊದಲು ಕಳಚಬೇಕಾದದ್ದು ಬ್ಯಾಟರಿಯ ಋಣಾಗ್ರ. ಕಾರಿನ ಇಡೀ ಲೋಹದ ಮೈ ಋಣಾಗ್ರಕ್ಕೆ ಸೇರಿರುವುದರಿಂದ, ಧನಾಗ್ರವನ್ನು ಸಡಿಲಿಸುವ ಸ್ಪ್ಯಾನರಿನ ಬಾಲ ಮೈಗೆ ತಗುಲಿದರೆ ನೂರಾರು ಆಂಪಿಯರ್ ಸ್ಪ್ಯಾನರಿನ ಮೂಲಕವೇ ಹರಿದು ಅದನ್ನು ಕೆಂಪಗೆ ಕಾಯಿಸಬಲ್ಲದು. ಕೆಳಗಿನಿಂದ ಕೆಲಸವಾಗಬೇಕಿದ್ದರೆ ಜಾಕಿನ ಮೇಲಷ್ಟೇ ನಿಂತ ಕಾರಿನಡಿ ತೂರುವುದು ಪ್ರಾಣಾಪಾಯಕ್ಕೆ ಎಡೆಗೊಡುತ್ತದೆ. ಗಟ್ಟಿ ನೆಲದ ಮೇಲೆ ಉಕ್ಕಿನ ಸ್ಟ್ಯಾಂಡುಗಳನ್ನು ಕೊಟ್ಟು, ಚಕ್ರಗಳಿಗೆ ಅಡ್ಡಗಲ್ಲಿಡಬೇಕು.

ಸೆಲ್ಫನ್ನು ಹಿಡಿದಿರುವುದು ಸಾಮಾನ್ಯವಾಗಿ ಎರಡೋ ಮೂರೋ ಬೋಲ್ಟುಗಳು, ಅವುಗಳಲ್ಲಿ ಮೇಲಿನದು ಅನೇಕ ವೇಳೆ ಕಣ್ಣಿಗೆ ಬೀಳದೆ ಬೆರಳಿಗೆ ಮಾತ್ರ ಸಿಗುವಂಥದು. ಅಲ್ಲಿನ ಕಷ್ಟ ಬಲದ್ದಷ್ಟೇ ಅಲ್ಲ, ಕೋನದ್ದೂ ಹೌದು. 40 ನ್ಯೂಟನ್-ಮೀಟರ್ ತಿರುಗುಬಲ ಬೇಡುವ ಬೋಲ್ಟಿಗೆ 25 ಸೆಂ.ಮೀ. ಉದ್ದದ ಹಿಡಿಯಿದ್ದರೆ ಸುಮಾರು 16 ಕಿಲೋ ತೂಕದಷ್ಟು ಒತ್ತಿದರೆ ಸಾಕು. ಇಕ್ಕಟ್ಟಿನಲ್ಲಿ 10 ಸೆಂ.ಮೀ. ಹಿಡಿಯಷ್ಟೇ ತೂರಿದರೆ 40 ಕಿಲೋದಷ್ಟು ಒತ್ತಬೇಕು. ಒಳಗೆ ಹನ್ನೆರಡು ಮೂಲೆಗಳಿರುವ ರಿಂಗ್ ಸ್ಪ್ಯಾನರನ್ನು 30 ಡಿಗ್ರಿ ತಿರುಗಿಸುವಷ್ಟು ಎಡೆಯಿದ್ದರೆ ತೆಗೆದು ಮತ್ತೆ ಕೂಡಿಸಬಹುದು, ಆರು ಮೂಲೆಯದಕ್ಕೆ 60 ಡಿಗ್ರಿ ಬೇಕು, 72 ಹಲ್ಲಿನ ರ‍್ಯಾಚೆಟ್ಟಿಗೆ 5 ಡಿಗ್ರಿ ಸಾಕು. ಬಾಯ್ತೆರೆದ ಸ್ಪ್ಯಾನರಿನ ತಲೆಯನ್ನು ಹಿಡಿಗೆ 15 ಡಿಗ್ರಿ ಓರೆಯಾಗಿ ಮಾಡಿರುವುದೂ ಇದಕ್ಕಾಗಿಯೇ; ಪ್ರತಿ ಸಲ ಮಗುಚಿ ಹಾಕಿದರೆ 30 ಡಿಗ್ರಿಯ ಎಡೆಯಲ್ಲಿ ಕೆಲಸ ಸಾಗುತ್ತದೆ. ಒಂದು ಸುತ್ತಿಗೆ 1.25 ಮಿ.ಮೀ. ಹೊರಬರುವ ಮರೆ, ಅಂದರೆ ತಿರುಪಿನ ಗೀರು, ಇರುವ ಬೋಲ್ಟು 25 ಮಿ.ಮೀ. ಬರಬೇಕಾದರೆ 20 ಸುತ್ತು, ಸುತ್ತಿಗೆ 12ರಂತೆ 240 ಬಾರಿ ಸ್ಪ್ಯಾನರ್ ಆಡಬೇಕು. ಮೊದಲ ಬಿಗಿ ಸಡಿಲಿದ ಮೇಲೆ ಬೆರಳೇ ಒಳ್ಳೆಯ ಸಾಧನವೆಂಬುದು ಈ ಲೆಕ್ಕದಿಂದಲೇ ಸ್ಪಷ್ಟವಾಗುತ್ತದೆ.

ಸೆಲ್ಫ್ ಹೊರಬಂದಾಗ ಆ ಕಿಂಡಿಯಿಂದ ಟಾರ್ಚ್ ಬಿಟ್ಟು ರಿಂಗ್ ಗೇರಿನ ಹಲ್ಲುಗಳನ್ನು ನೋಡುವ ಅವಕಾಶವನ್ನು ಕಳೆದುಕೊಳ್ಳಬಾರದು. ನಾಲ್ಕು ಸಿಲಿಂಡರಿನ ಎಂಜಿನ್ ಪ್ರತಿ ಅರ್ಧ ಸುತ್ತಿಗೊಮ್ಮೆ ಗಾಳಿಯನ್ನು ಒತ್ತುವುದರಿಂದ ಆರಿದಾಗಲೆಲ್ಲ ಹೆಚ್ಚುಕಡಿಮೆ ಅದೇ ಎರಡು ನೆಲೆಗಳಲ್ಲಿ ನಿಲ್ಲುತ್ತದೆ, ಸವೆತವೂ ಅಲ್ಲಿಯೇ ಹೆಚ್ಚು. ಆದಕಾರಣ ಎಂಜಿನ್ನನ್ನು ಕೈಯಿಂದ ನಿಧಾನವಾಗಿ ಸುತ್ತಿಸಿ ಎಲ್ಲ ಹಲ್ಲುಗಳನ್ನೂ ಪರೀಕ್ಷಿಸಬೇಕು. ಹೊಸ ಸೆಲ್ಫನ್ನು ಹಳೆಯದರ ಪಕ್ಕದಲ್ಲಿಟ್ಟು ಹಲ್ಲುಗಳ ಎಣಿಕೆ, ಮೂತಿಯ ಉದ್ದ, ಬೋಲ್ಟಿನ ತೂತುಗಳ ಅಂತರ ಹೋಲಿಸಿ ನೋಡಬೇಕು. ಸಾಮಾನ್ಯವಾಗಿ ಪ್ರವಾಹ ಹಿಂದಿರುಗುವುದು ಸೆಲ್ಫಿನ ಮೈಯಿಂದ ಎಂಜಿನ್ನಿನ ಮೈಗೆ ಆದ್ದರಿಂದ ಎರಡೂ ಕೂಡುವ ಮುಖಗಳಲ್ಲಿ ಎಣ್ಣೆಜಿಡ್ಡಾಗಲಿ ಬಣ್ಣವಾಗಲಿ ಉಳಿಯಬಾರದು. ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಮರೆಗೆ ಓರೆಯಾಗಿ ಹೊಕ್ಕರೆ ಮರೆ ಕಿತ್ತುಹೋಗುತ್ತದಾದ್ದರಿಂದ ಮೊದಲ ಕೆಲವು ಸುತ್ತು ಬೆರಳಿನಿಂದಲೇ ಆಗಬೇಕು. ಕೊನೆಯಲ್ಲಿ ಬ್ಯಾಟರಿಯ ಧನಾಗ್ರ ಮೊದಲು, ಋಣಾಗ್ರ ಆಮೇಲೆ.

ಕಳಚಿದ ಹಳೆಯ ಸೆಲ್ಫ್ ಗುಜರಿಯ ಪಾಲಾಗಲೇಬೇಕೆಂದಿಲ್ಲ. ಕಾರ್ಬನ್ ಬ್ರಷ್, ಬುಷ್, ಸಾಲಿನಾಯ್ಡ್, ಬೆಂಡಿಕ್ಸ್‌ಗಳನ್ನು ಅನೇಕ ಮಾದರಿಗಳಲ್ಲಿ ಬಿಡಿಬಿಡಿಯಾಗಿ ಬದಲಿಸಬಹುದಾದ್ದರಿಂದ, ಇಡೀ ಕಾರನ್ನು ಎಳೆಸುವ ಬದಲು ಕೆಲವೇ ಕಿಲೋ ತೂಗುವ ಸೆಲ್ಫನ್ನು ಚೀಲದಲ್ಲಿಟ್ಟು ಬಸ್ಸಿನಲ್ಲಿ ಆಟೋ ಎಲೆಕ್ಟ್ರಿಷಿಯನ್ನನ ಅಂಗಡಿಗೆ ಒಯ್ಯುವುದು ಕುಂದುರ್ಪಿಯಂತಹ ಊರಿಗೆ ಒಪ್ಪುವ ದಾರಿ.