ದಿನ ತುಂಬುವ ಮೊದಲೇ ಹೆರಿಗೆ ಮಾಡಿಸುವುದೇಕೆ?

"ನಾನೇನು ತಪ್ಪು ಮಾಡಿದೆ, ಆಂಟಿ?"

ದೋಹಾದಲ್ಲಿ ನಮ್ಮ ಪಕ್ಕದ ಕಟ್ಟಡದಲ್ಲಿದ್ದ ಕನ್ನಡದ ಹುಡುಗಿಯೊಬ್ಬಳು ನನ್ನನ್ನು ಹೀಗೆ ಕೇಳಿದಾಗ ಅವಳ ಮಗು ಇನ್‌ಕ್ಯುಬೇಟರ್‌ನಲ್ಲಿತ್ತು. ಅವಳ ಒಪ್ಪಿಗೆ ಪಡೆದು, ಗುರುತು ಬಿಟ್ಟು ಈ ವಿಷಯ ಬರೆಯುತ್ತಿದ್ದೇನೆ.

ಅದು ಚೊಚ್ಚಲ ಬಸಿರು, 33ನೆಯ ವಾರ. ಜುಲೈ ತಿಂಗಳ ಸೆಕೆ. ಬಾಣಂತನಕ್ಕೆಂದು ಅವಳ ತಾಯಿ ಊರಿನಿಂದ ಬರಲು ಟಿಕೆಟ್ ಮಾಡಿಸಿದ್ದು ಮುಂದಿನ ತಿಂಗಳಿಗೆ. ಒಂದು ಸಂಜೆ ಫೋನ್ ಮಾಡಿ, "ಆಂಟಿ, ಕಾಲು, ಮುಖ ಊದಿದೆ. ಬೆಳಗ್ಗಿನಿಂದ ತಲೆನೋವು" ಎಂದಳು. "ಈ ಸೆಕೆಗೆ ಹಾಗಾಗುತ್ತಮ್ಮ, ಕಾಲು ಮೇಲಿಟ್ಟು ಮಲಗು" ಎಂದುಬಿಟ್ಟೆ. ನಾನು ಪ್ರಸೂತಿ ತಜ್ಞೆಯಲ್ಲ. ಆದರೂ ಇಷ್ಟು ವರ್ಷ ವೈದ್ಯೆಯಾಗಿದ್ದವಳು ಬಿ.ಪಿ. ನೋಡದೆ ಹಾಗೆ ಹೇಳಬಾರದಿತ್ತು. ರಾತ್ರಿ ಅವಳಿಗೆ ಕಣ್ಣು ಮಂಜಾದಾಗ ಗಂಡ ಆಸ್ಪತ್ರೆಗೆ ಕರೆದೊಯ್ದರು. ಬಿ.ಪಿ. 170/110, ಮೂತ್ರದಲ್ಲಿ ಪ್ರೋಟೀನ್. ತೀವ್ರ ಪ್ರಿ-ಎಕ್ಲಾಂಪ್ಸಿಯಾ.

ಈ ರೋಗದ ಮೂಲ ಮಾಸಿನಲ್ಲಿದೆ. ಬಸಿರಿನ ಮೊದಲ ತಿಂಗಳುಗಳಲ್ಲಿ ಗರ್ಭಕೋಶದ ರಕ್ತನಾಳಗಳು ಸಾಕಷ್ಟು ಅಗಲವಾಗದಿದ್ದರೆ ಮಾಸಿಗೆ ರಕ್ತ ಕಡಿಮೆಯಾಗುತ್ತದೆ. ಅಲ್ಲಿಂದ ಹೊರಡುವ ಪದಾರ್ಥಗಳು ತಾಯಿಯ ರಕ್ತನಾಳಗಳಿಗೆ ಹಾನಿ ಮಾಡುತ್ತವೆ. ಮೂತ್ರಪಿಂಡ, ಯಕೃತ್ತು, ಮೆದುಳು ಎಲ್ಲಕ್ಕೂ ಅಪಾಯ, ಫಿಟ್ಸ್ ಬರಬಹುದು. ಔಷಧಿಯಿಂದ ಬಿ.ಪಿ. ಇಳಿಸಬಹುದು, ಆದರೆ ಮಾಸು ಹೊರಬರುವವರೆಗೆ ರೋಗ ಹೋಗುವುದಿಲ್ಲ. ಆದ್ದರಿಂದಲೇ ವೈದ್ಯರು ಎರಡು ಅಪಾಯಗಳನ್ನು ತೂಗಿ ನೋಡುತ್ತಾರೆ: ಮಗು ಬೇಗ ಹುಟ್ಟುವುದರ ಅಪಾಯ ಒಂದು, ಒಳಗೇ ಉಳಿಯುವುದರ ಅಪಾಯ ಇನ್ನೊಂದು.

ಅವಳಿಗೆ ಮೊದಲು ಫಿಟ್ಸ್ ತಡೆಯಲು ಮೆಗ್ನೀಷಿಯಂ ಸಲ್ಫೇಟ್ ಕೊಟ್ಟರು. ಮಗುವಿನ ಶ್ವಾಸಕೋಶ ಬಲಿಯಲೆಂದು 24 ಗಂಟೆಗಳ ಅಂತರದಲ್ಲಿ ಎರಡು ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರು. ಈ ಚಿಕಿತ್ಸೆಯ ಲಾಭವನ್ನು ನ್ಯೂಜಿಲೆಂಡಿನ ಲಿಗ್ಗಿನ್ಸ್ ಮತ್ತು ಹೋವಿ 1972ರಲ್ಲಿ ತೋರಿಸಿಕೊಟ್ಟರು. ಆದರೂ ಬಿ.ಪಿ. ಹತೋಟಿಗೆ ಬರಲಿಲ್ಲ, ಹೆರಿಗೆ ಮಾಡಿಸುವುದೆಂದು ತೀರ್ಮಾನವಾಯಿತು.

ನೋವು ಬರಿಸುವುದು ಒಂದೇ ಇಂಜೆಕ್ಷನ್ನಿನ ಕೆಲಸವೆಂದು ಅನೇಕರು ತಿಳಿದಿದ್ದಾರೆ. ದಿನ ತುಂಬದಿದ್ದಾಗ ಗರ್ಭಕೋಶದ ಬಾಯಿ ಇನ್ನೂ ಗಟ್ಟಿಯಾಗಿರುತ್ತದೆ. ಅದನ್ನು ಪ್ರೋಸ್ಟಗ್ಲಾಂಡಿನ್ ಔಷಧಿಯಿಂದಲೋ, ಒಳಗಿಟ್ಟು ನೀರು ತುಂಬಿಸುವ ಸಣ್ಣ ಬಲೂನಿನಿಂದಲೋ ಮೊದಲು ಮೆದುಗೊಳಿಸಬೇಕು. ಆಮೇಲೆ ಆಕ್ಸಿಟೋಸಿನ್ ಡ್ರಿಪ್. ಇವಳಿಗೆ ಒಂದೂವರೆ ದಿನ ಹಿಡಿಯಿತು. ಸಿಸೇರಿಯನ್ ಬೇಕಾಗಲಿಲ್ಲ, ಕೆಲವರಿಗೆ ಬೇಕಾಗುತ್ತದೆ. ಹುಟ್ಟಿದ ಹೆಣ್ಣುಮಗುವಿನ ತೂಕ 1,650 ಗ್ರಾಂ.

ಊರಿನಿಂದ ಫೋನಿನಲ್ಲಿ ಬಂದ ಮಾತುಗಳು ಅವಳನ್ನು ಹೆರಿಗೆಗಿಂತ ಹೆಚ್ಚು ನೋಯಿಸಿದವು. "ಪಪಾಯಿ ತಿಂದೆಯಾ?", "ಏಳು ತಿಂಗಳ ಮಗು ಉಳಿಯುತ್ತೆ, ಎಂಟು ತಿಂಗಳದ್ದು ಕಷ್ಟ." ಈ ಎಂಟು ತಿಂಗಳ ನಂಬಿಕೆ ಪ್ರಾಚೀನ ಗ್ರೀಕ್ ವೈದ್ಯಗ್ರಂಥಗಳಲ್ಲೂ ಇದೆ, ಆದರೆ ಸುಳ್ಳು. ತಾಯಿ-ಮಗು ಸುರಕ್ಷಿತವಾಗಿದ್ದರೆ, ದಿನ ತುಂಬುವವರೆಗೆ ಒಳಗೆ ಕಳೆದ ಪ್ರತಿ ವಾರವೂ ಮಗುವಿಗೆ ಲಾಭವೇ. ಪಪಾಯಿಯಿಂದ ಪ್ರಿ-ಎಕ್ಲಾಂಪ್ಸಿಯಾ ಬರುವುದಿಲ್ಲ.

37 ವಾರ ತುಂಬುವ ಮೊದಲು ಹುಟ್ಟಿದ ಮಗುವನ್ನು ಅವಧಿಪೂರ್ವ ಶಿಶು ಎನ್ನುತ್ತಾರೆ. ಜಗತ್ತಿನಲ್ಲಿ ಸುಮಾರು ಹತ್ತರಲ್ಲಿ ಒಂದು ಮಗು ಹೀಗೆ ಹುಟ್ಟುತ್ತದೆ. ಕತಾರಿನಲ್ಲಿ ಇಂಥ ಶಿಶುಗಳ ಆರೈಕೆಗೆ ಒಳ್ಳೆಯ ವ್ಯವಸ್ಥೆಯಿದೆ. 1988ರಲ್ಲಿ ಆರಂಭವಾದ ಹಮದ್ ಸಂಸ್ಥೆಯ ಮಹಿಳಾ ಆಸ್ಪತ್ರೆಯ ಸೇವೆಗಳು 2017ರಲ್ಲಿ ಹೊಸ ಮಹಿಳಾ ಆರೋಗ್ಯ ಮತ್ತು ಸಂಶೋಧನಾ ಕೇಂದ್ರಕ್ಕೆ ಬಂದವು; 2018ರಲ್ಲಿ ಸಿದ್ರಾ ಆಸ್ಪತ್ರೆಯೂ ತೆರೆಯಿತು.

ಸುಮಾರು 34 ವಾರದವರೆಗೆ ಮಗುವಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಹೊಂದಿಸಿಕೊಳ್ಳಲು ಬರುವುದಿಲ್ಲ. ಆದ್ದರಿಂದ ಹಿಂಡಿದ ಎದೆಹಾಲನ್ನು ನಳಿಕೆಯಲ್ಲಿ ಕೊಡುತ್ತಾರೆ. ಇನ್ನೊಂದು ಮದ್ದು ತಾಯಿಯ ಎದೆಯ ಬಿಸುಪು, ಅಂದರೆ ಕಾಂಗರೂ ಆರೈಕೆ. ಭಾರತವೂ ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಇದನ್ನು ಶುರುಮಾಡಿದಾಗ ಕಡಿಮೆ ತೂಕದ ಶಿಶುಗಳ ಸಾವು ಶೇ. 25ರಷ್ಟು ಇಳಿಯಿತು. ನಮ್ಮ ಕೊಪ್ಪಳ ಜಿಲ್ಲೆಯ ಸರಕಾರಿ ಆಸ್ಪತ್ರೆಗಳಲ್ಲೂ ಇದನ್ನು ವ್ಯಾಪಕವಾಗಿ ಜಾರಿಗೆ ತಂದಿದ್ದಾರೆ. ಅಪ್ಪನೂ ಮಗುವನ್ನು ಹೀಗೆ ಎದೆಗೊರಗಿಸಿಕೊಳ್ಳಬಹುದು. ಇವಳ ಗಂಡ ಡ್ಯೂಟಿ ಮುಗಿಸಿ ದಿನವೂ ಬಂದು ಕೂರುತ್ತಿದ್ದರು.

ಮೂರು ದಿನಕ್ಕೆ ತಾಯಿಯನ್ನು ಮನೆಗೆ ಕಳಿಸಿದರು, ಮಗುವನ್ನಲ್ಲ. ಬರಿಗೈಯಲ್ಲಿ ಮನೆ ಹೊಕ್ಕ ಆ ದಿನವೇ ಎಲ್ಲಕ್ಕಿಂತ ಕಷ್ಟದ್ದಾಗಿತ್ತು ಎಂದು ಅವಳು ಈಗಲೂ ಹೇಳುತ್ತಾಳೆ. ಅಂಥ ಮನೆಗೆ ನಾವು ಊಟ ಒಯ್ಯಬೇಕು, ಆಸ್ಪತ್ರೆಗೆ ಕಾರಿನಲ್ಲಿ ಬಿಡಬೇಕು, ಕಾರಣ ಕೇಳಬಾರದು. 19 ದಿನಗಳ ನಂತರ ಮಗು ಮನೆಗೆ ಬಂತು.

ನೆನಪಿಡಬೇಕಾದದ್ದು ಇಷ್ಟು. ಬಸಿರಿನ 20 ವಾರದ ನಂತರ ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಅಥವಾ ಕೈ ಇದ್ದಕ್ಕಿದ್ದಂತೆ ಊದುವುದು, ಪಕ್ಕೆಲುಬಿನ ಕೆಳಗೆ ನೋವು, ಮಗುವಿನ ಓಡಾಟ ಕಡಿಮೆಯಾಗುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಬಿ.ಪಿ. 140/90 ಮುಟ್ಟಿದರೂ ವೈದ್ಯರಿಗೆ ತೋರಿಸಿ. 160/110 ಆದರೆ ತುರ್ತು. ಇಲ್ಲಿ ಆಂಬುಲೆನ್ಸಿಗೆ 999. ಒಮ್ಮೆ ಹೀಗಾದವರು ಮುಂದಿನ ಬಸಿರಿನ ಆರಂಭದಲ್ಲೇ ವೈದ್ಯರನ್ನು ಕಾಣಬೇಕು. ಕಡಿಮೆ ಪ್ರಮಾಣದ ಆಸ್ಪಿರಿನ್ 16 ವಾರಕ್ಕೆ ಮೊದಲೇ ಶುರುಮಾಡಿದರೆ ಅಪಾಯ ತಗ್ಗುತ್ತದೆ.

ಅವಳ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ: "ನೀನು ಏನೂ ತಪ್ಪು ಮಾಡಿಲ್ಲಮ್ಮ. ತಲೆನೋವು ಅಂತ ಹೇಳಿದೆ, ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ." ಈಗ ಯಾವ ಬಸುರಿ ಫೋನ್ ಮಾಡಿದರೂ ನಾನು ಮೊದಲು ಕೇಳುವುದು ಬಿ.ಪಿ. ಎಷ್ಟಿದೆ ಎಂದೇ.